ಕೊನೆಯ ದೃಶ್ಯ ಯಾರದು?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಒಂದು ನಾಟಕದ ವಿಮರ್ಶೆ. ಆ ನಾಟಕವನ್ನು ಕೆಡಿಸಿದವರಲ್ಲಿ ನಾನೂ ಒಬ್ಬ. ಇದನ್ನು ತಪ್ಪೊಪ್ಪಿಗೆ ಅಂತ ಓದಿಕೊಂಡರೂ ನನ್ನ ತಕರಾರಿಲ್ಲ.

ನಮ್ಮ ಕಡೆಯ ಒಂದು ಹಾಸ್ಟೆಲಿನ ೧೪ ಮಕ್ಕಳು, ಎಂಟನೇ ಇಯತ್ತೆಯಿಂದ ಹತ್ತರ ತನಕದವರು, ತಾವೇ ಕೂಡಿ ಒಂದು ನಾಟಕ ಕಟ್ಟಿದರು. ಮುಂದೆ ಪುಸ್ತಕ ಇಲ್ಲ, ನಾಟಕಕಾರ ಇಲ್ಲ. ಕತೆ ಇಷ್ಟೆ: ಶಾಲೆಯಲ್ಲಿ ಮಾಸ್ತರರ ಕೈಗಡಿಯಾರ ಕಳೆಯುತ್ತದೆ. ಯಾರೂ ಬಾಯಿ ಬಿಡುವುದಿಲ್ಲ. ಆದರೆ ಎಲ್ಲರ ಕಣ್ಣೂ ಹಿಂದಿನ ಸಾಲಿನ ಒಬ್ಬ ಹುಡುಗನ ಕಡೆ ಹೊರಳುತ್ತವೆ. ಅವನ ಓಣಿ ಯಾವುದು ಅಂತ ಎಲ್ಲರಿಗೂ ಗೊತ್ತು. ಅವನ ಪಾಟೀಚೀಲವನ್ನೇ ಮೊದಲು ಬಿಚ್ಚಿಸುತ್ತಾರೆ.

ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ತಾಲೀಮು. ನಾಟಕಕ್ಕೆ ಮಾತು ಹುಟ್ಟಿದ್ದು ಹೇಗೆ ಅಂದರೆ, ಒಬ್ಬೊಬ್ಬರೂ ತಮ್ಮ ಚೀಲ ಬಿಚ್ಚಿಸಿದ ದಿನವನ್ನು ನೆನಪು ಮಾಡಿಕೊಂಡು ಹೇಳಿದರು. ೧೪ ಮಂದಿಯಲ್ಲಿ ಅಂಥ ದಿನ ಇಲ್ಲದವರು ಇಬ್ಬರೋ ಮೂವರೋ. ಮಾಸ್ತರರ ಪಾತ್ರವನ್ನು ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ಮಾಡಿದಳು. ನಾನಾಗಿದ್ದರೆ ಆ ಪಾತ್ರಕ್ಕೆ ಮೀಸೆ ಹಚ್ಚಿ, ಕೈಗೆ ಬಡಿಗೆ ಕೊಟ್ಟು ಒದರಿಸುತ್ತಿದ್ದೆ. ಆಕೆ ಒದರಲಿಲ್ಲ. "ಬಾರಪಾ ಇಲ್ಲಿ, ನಿಂದೊಂದು ನೋಡೂಣು" ಅಂತ ಮೆಲ್ಲಗೆ ಕರೆದಳು. ಆ ಮೆಲುದನಿಯಲ್ಲಿ ಜಾತಿ ಇತ್ತು. ಬೈಗುಳದಲ್ಲಿ ಬರುವ ಜಾತಿಯನ್ನು ನಾವು ನೂರು ಕವಿತೆಯಲ್ಲಿ ಬರೆದಿದ್ದೇವೆ. ಪ್ರೀತಿಯ ದನಿಯಲ್ಲಿ ಬರುವ ಜಾತಿಯನ್ನು ಹಿಡಿಯಲು ಆ ಹುಡುಗಿಯೇ ಬೇಕಾಯಿತು.

ಚೀಲದಿಂದ ಹೊರಬೀಳುವುದು ರಟ್ಟಿಲ್ಲದ ಒಂದು ನೋಟುಬುಕ್ಕು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅರ್ಧ ರೊಟ್ಟಿ, ಒಂದು ಬಸ್ ಪಾಸು. ಕೈಗಡಿಯಾರ ಸಿಗುವುದಿಲ್ಲ. ಹುಡುಗ ಕುಂತು ಒಂದೊಂದೇ ಸಾಮಾನನ್ನು ಮತ್ತೆ ಚೀಲಕ್ಕೆ ತುಂಬುತ್ತಾನೆ. ಆಮೇಲೆ ನೋಡುವವರ ಮುಂದೆ ಬಂದು, "ಈಗ ನಿಮ್ಮ ಚೀಲ ತಗೀರಿ" ಅನ್ನುತ್ತಾನೆ. ನಾಟಕ ಮುಗಿಯಿತು.

ಇದು ತಾಲೀಮಿನ ನಾಟಕ. ಪ್ರದರ್ಶನದ ದಿನ ಊರು ನೋಡಿದ ನಾಟಕ ಬೇರೆ.

ಎರಡು ದಿನ ಮುಂಚೆ ನಾವು ದೊಡ್ಡವರೆಲ್ಲ ಕೂತೆವು. ಅಧಿಕಾರಿಗಳು ಬರುತ್ತಾರೆ, ಮಕ್ಕಳ ನಾಟಕ, ಹೀಗೆ ಕಹಿಯಾಗಿ ಮುಗಿಯಬಾರದು, ಸ್ವಲ್ಪ ಆಶಾದಾಯಕ ಆಗಲಿ ಅಂತ ಮಾತಾಯಿತು. ಯಾರೂ ಕೆಟ್ಟವರಲ್ಲ. ಎಲ್ಲರೂ ಆ ಮಕ್ಕಳ ಹಿತ ಬಯಸುವವರೇ. "ನೀವು ಕವಿಗಳು, ಕೊನೆಗೊಂದು ಹಾಡು ಬರೆದುಕೊಡಿ" ಅಂದರು. ಬರೆದುಕೊಟ್ಟೆ. ಹೊಸ ಅಂತ್ಯದಲ್ಲಿ ಕೈಗಡಿಯಾರ ಮಾಸ್ತರರ ಮೇಜಿನ ಖಾನೆಯಲ್ಲೇ ಸಿಗುತ್ತದೆ. ಮಾಸ್ತರರು ಕಣ್ಣೀರು ತಂದು ಹುಡುಗನನ್ನು ತಬ್ಬಿಕೊಳ್ಳುತ್ತಾರೆ. ಎಲ್ಲರೂ ಕೈ ಕೈ ಹಿಡಿದು ನನ್ನ ಹಾಡು ಹಾಡುತ್ತಾರೆ. ಚಪ್ಪಾಳೆಯೋ ಚಪ್ಪಾಳೆ.

ಹೊಸ ಅಂತ್ಯ ಕಲಿಸುವಾಗ ಚೀಲದ ಹುಡುಗ ನನ್ನ ಹತ್ತಿರ ಬಂದಿದ್ದ. "ಅಣ್ಣಾ, ಗಡಿಯಾರ ಸಿಗಬಾರದ್ರಿ" ಅಂದ. ಯಾಕೋ ಅಂದೆ. "ಖರೇ ಸಿಗೂದಿಲ್ರಿ. ಸಿಕ್ಕರ ಎಲ್ಲಾರೂ ಆತು ಬಿಡು ಅಂತಾರ." ನಾನು ಅವನ ಬೆನ್ನು ತಟ್ಟಿ ಕಳಿಸಿದೆ. ಇವತ್ತು ಈ ವಿಮರ್ಶೆ ಬರೆಯುತ್ತಿರುವುದು ಆ ಒಂದು ಮಾತಿಗೆ ಉತ್ತರ ಕೊಡಲಿಕ್ಕೆ.

ಹುಡುಗ ಹೇಳಿದ್ದರಲ್ಲಿ ನಾವು ಓದಿದ ಯಾವ ಸಿದ್ಧಾಂತಕ್ಕೂ ಕಡಿಮೆಯಿಲ್ಲದ ವಿಚಾರ ಇತ್ತು. ಗಡಿಯಾರ ಖಾನೆಯಲ್ಲಿ ಸಿಕ್ಕಿತು, ಆದ್ದರಿಂದ ಹುಡುಗ ಕಳ್ಳನಲ್ಲ. ಸರಿ. ಸಿಗದಿದ್ದರೆ? ನಮ್ಮ ಅಂತ್ಯದಲ್ಲಿ ಅವನ ಮಾನ ಒಂದು ಗಡಿಯಾರದ ಮೇಲೆ ನಿಂತಿದೆ. ಮಕ್ಕಳ ಅಂತ್ಯದಲ್ಲಿ ಅದು ಯಾವುದರ ಮೇಲೂ ನಿಂತಿಲ್ಲ. ಗಡಿಯಾರ ಸಿಗಲಿ ಬಿಡಲಿ, ಒಬ್ಬನ ಚೀಲವನ್ನೇ ಮೊದಲು ಬಿಚ್ಚಿಸಿದ್ದು ತಪ್ಪು. ತಪ್ಪು ಮಾಡಿದವರು ನೋಡುವವರ ನಡುವೆ ಕುಂತಿದ್ದಾರೆ. ನಾವು ಏನು ಮಾಡಿದೆವು ಅಂದರೆ, ಅವರನ್ನು ಎಬ್ಬಿಸಿ ಮನೆಗೆ ಕಳಿಸಿದೆವು. ಕಣ್ಣೊರೆಸಿಕೊಂಡು ಹೋದರು.

ಇಂಥದೇ ಮಕ್ಕಳು, ಇದಕ್ಕಿಂತ ದೊಡ್ಡ ಅನ್ಯಾಯ ಇಟ್ಟುಕೊಂಡು ನಾಟಕ ಕಟ್ಟಿದ್ದನ್ನು ನಾನು ಮೊದಲೇ ಓದಿದ್ದೆ. ಓದಿಯೂ ಬುದ್ಧಿ ಬರಲಿಲ್ಲ. ಅದು ಅಹಮದಾಬಾದಿನ ಛಾರಾನಗರದ ಬುಧನ್ ಥಿಯೇಟರ್.

೧೮೭೧ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಅದರಡಿ ಹುಟ್ಟುಗಳ್ಳರು ಅಂತ ಪಟ್ಟಿಗೆ ಸೇರಿದ ಅನೇಕ ಸಮುದಾಯಗಳಲ್ಲಿ ಛಾರಾ ಒಂದು. ಇದು ನಮಗೆ ದೂರದ ಸುದ್ದಿಯಲ್ಲ. ಹುಬ್ಬಳ್ಳಿ, ಗದಗಿನಲ್ಲೂ ತಂತಿಬೇಲಿಯ ಸೆಟ್ಲಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಬೇಲಿ ಹೋಗಿ ಎಷ್ಟೋ ಕಾಲವಾದರೂ ಸೆಟ್ಲಮೆಂಟ್ ಅನ್ನುವ ಹೆಸರು ಜನರ ಬಾಯಲ್ಲಿದೆ. ಗಂಟಿಚೋರ ಸಮುದಾಯದ ಹೆಸರಿನೊಳಗೇ ಕಳ್ಳ ಅನ್ನುವ ಮಾತು ಕುಂತಿದೆ. ೧೯೫೨ರ ಆಗಸ್ಟ್ ೩೧ರಂದು ಆ ಪಟ್ಟಿ ರದ್ದಾಯಿತು. ಕಾಗದದ ಮೇಲಿನದು ಹೋಯಿತು. ಮಾಸ್ತರರ ಕಣ್ಣಲ್ಲಿ, ಪೊಲೀಸರ ಕಣ್ಣಲ್ಲಿ ಇದ್ದದ್ದು ಉಳಿಯಿತು.

೧೯೯೮ರಲ್ಲಿ ಮಹಾಶ್ವೇತಾ ದೇವಿ ಮತ್ತು ಗಣೇಶ ದೇವಿ ಛಾರಾನಗರಕ್ಕೆ ಹೋದರು. ಈ ಗಣೇಶ ದೇವಿಯವರೇ ೨೦೧೬ರಲ್ಲಿ ನಮ್ಮ ಧಾರವಾಡಕ್ಕೆ ಬಂದು ನೆಲೆಸಿದವರು. ಛಾರಾನಗರದಲ್ಲಿ ಒಂದು ಗ್ರಂಥಾಲಯ ಶುರುವಾಯಿತು. ಅಲ್ಲಿ ಸೇರಿದ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ನಾಟಕಕ್ಕೆ ಇಳಿದರು. ಬರೆದವರು ಅವರಲ್ಲೇ ಒಬ್ಬರಾದ ದಕ್ಷಿಣ್ ಬಜರಂಗೆ. ಆ ವರ್ಷದ ಆಗಸ್ಟ್ ೩೧ರಂದೇ 'ಬುಧನ್' ನಾಟಕದ ಮೊದಲ ಪ್ರದರ್ಶನ ಆಯಿತು.

ಬುಧನ್ ಅವರ ಓಣಿಯವನಲ್ಲ. ಅವನು ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಖೇರಿಯಾ ಸಬರ. ಸಬರರೂ ಅದೇ ಹಳೆಯ ಪಟ್ಟಿಯವರು. ೧೯೯೮ರ ಫೆಬ್ರುವರಿಯಲ್ಲಿ ಅವನನ್ನು ಪೊಲೀಸರು ಹಿಡಿದೊಯ್ದರು. ಒಂದು ವಾರದಲ್ಲಿ ವಶದಲ್ಲಿದ್ದಾಗಲೇ ಸತ್ತ. ನೇಣು ಹಾಕಿಕೊಂಡ ಅಂತ ಬರೆದರು. ಮಹಾಶ್ವೇತಾ ದೇವಿಯವರ ಸಬರ ಕಲ್ಯಾಣ ಸಮಿತಿ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಅವನ ಹೆಂಡತಿ ಶ್ಯಾಮಲಿಗೆ ಪರಿಹಾರ ಕೊಡಬೇಕು, ಸಿಬಿಐ ತನಿಖೆ ಆಗಬೇಕು ಅಂತ ಜುಲೈನಲ್ಲಿ ತೀರ್ಪಾಯಿತು. ಗುಜರಾತಿನ ಹುಡುಗರು ಬಂಗಾಳದವನ ಸಾವನ್ನು ಹಿಂದಿಯಲ್ಲಿ ಆಡಿದರು. ನೆಲ ಬೇರೆ, ನುಡಿ ಬೇರೆ. ಲಾಠಿಯ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಮಾತ್ರ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈ ನಾಟಕದಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಅದರ ಬಲ ಬುಧನ್ ನಿರಪರಾಧಿ ಅನ್ನುವುದರ ಮೇಲೆ ನಿಂತಿಲ್ಲ. ಕೋರ್ಟಿನ ಮುಂದಿದ್ದ ಪ್ರಶ್ನೆಯೂ ಅವನು ಕದ್ದನೋ ಇಲ್ಲವೋ ಎಂಬುದಲ್ಲ, ವಶದಲ್ಲಿದ್ದವನು ಹೇಗೆ ಸತ್ತ ಎಂಬುದು. ಛಾರಾ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ತಮ್ಮ ಓಣಿಯಲ್ಲಿ ಭಟ್ಟಿ ಸಾರಾಯಿ ಇಳಿಸಿ ಬದುಕುವವರಿದ್ದಾರೆ ಅನ್ನುವುದನ್ನು, ಹಿರಿಯರಲ್ಲಿ ಕದ್ದವರಿದ್ದರು ಅನ್ನುವುದನ್ನು ಅವರು ಮುಚ್ಚಿಡುವುದಿಲ್ಲ. ಕದಿಯುವುದಕ್ಕೂ ನಟನೆ ಬೇಕು, ಹಾಗಾಗಿ ನಾವು ಹುಟ್ಟು ನಟರು ಅಂತ ನಗುತ್ತ ಹೇಳಿಕೊಂಡವರು ಅವರು. ೨೦೧೧ರಲ್ಲಿ ಶಾಶ್ವತಿ ತಾಲುಕ್ದಾರ್ ಮತ್ತು ಕೆರಿಮ್ ಫ್ರೀಡ್ಮನ್ ಅವರ ಬಗ್ಗೆ ಮಾಡಿದ 'ಪ್ಲೀಸ್ ಡೋಂಟ್ ಬೀಟ್ ಮಿ, ಸರ್!' ಸಾಕ್ಷ್ಯಚಿತ್ರವನ್ನು ನೋಡಿದವರಿಗೆ ಈ ಧೈರ್ಯ ಏನು ಅಂತ ಗೊತ್ತಾಗುತ್ತದೆ. ಮೊದಲು ಶುದ್ಧರಾಗಿ ಬನ್ನಿ, ಆಮೇಲೆ ಮನುಷ್ಯರು ಅಂತ ಒಪ್ಪುತ್ತೇವೆ ಅನ್ನುವ ಷರತ್ತಿಗೆ ಅವರು ರುಜು ಹಾಕಲಿಲ್ಲ.

ಎರಡು, ಅಂತ್ಯ. ತೀರ್ಪು ಆಗಲೇ ಬಂದಿತ್ತು. ನ್ಯಾಯ ಗೆದ್ದಿತು ಅಂತ ಪರದೆ ಎಳೆದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನಟರೆಲ್ಲ ನೋಡುವವರ ಕಡೆ ತಿರುಗಿ, ನಾವೇನು ಈ ದೇಶದ ಎರಡನೇ ದರ್ಜೆಯವರೋ ಅಂತ ಕೇಳುತ್ತಾರೆ. ನಮ್ಮ ಹಾಸ್ಟೆಲಿನ ಹುಡುಗ "ನಿಮ್ಮ ಚೀಲ ತಗೀರಿ" ಅಂದನಲ್ಲ, ಅದೇ ದನಿ. ಅವನು ಬುಧನ್ ನಾಟಕದ ಹೆಸರೂ ಕೇಳಿದವನಲ್ಲ.

'ಬುಧನ್' ಬಗ್ಗೆ ನನಗೆ ಅನುಮಾನ ಇಲ್ಲವೆಂದಲ್ಲ. ಹೊಡೆತ ತಿಂದ ಮೈಯೇ ಪ್ರದರ್ಶನಕ್ಕೊಂದು ಸಲ ಮತ್ತೆ ಹೊಡೆತ ತಿನ್ನಬೇಕು. ನೋಡುವವರು ಅಯ್ಯೋ ಅನ್ನುತ್ತಾರೆ. ಅಯ್ಯೋ ಅನ್ನುವುದು ಬಹಳ ಸಸ್ತಾ ಮಾಲು. ಆ ಕೊನೆಯ ಪ್ರಶ್ನೆ ಇಲ್ಲದಿದ್ದರೆ ನಾಟಕ ಅಷ್ಟಕ್ಕೇ ನಿಂತುಬಿಡುವ ಅಪಾಯವಿತ್ತು. ಅಳುವವರನ್ನು ಅಳುವಲ್ಲೇ ಹಿಡಿದು ಲೆಕ್ಕ ಕೇಳುವುದು ಆ ಅಂತ್ಯ. ಅದಕ್ಕೇ ಹೇಳುತ್ತೇನೆ, ಇಂಥ ನಾಟಕದ ಜೀವ ಕೊನೆಯ ದೃಶ್ಯದಲ್ಲಿರುತ್ತದೆ. ಕತ್ತರಿ ಬೀಳುವುದೂ ಅಲ್ಲೇ.

ಈಗ ನಮ್ಮ ಕಡೆ ತಿರುಗೋಣ. 'ಕಲಾತ್ಮಕ ಪೂರ್ಣತೆ ಇಲ್ಲ' ಅನ್ನುವ ವಿದ್ವಾಂಸರ ಜೊತೆ ನಾವು ಬೇಕಾದಷ್ಟು ಜಗಳ ಆಡಿದ್ದೇವೆ. ನಮ್ಮ ಬೀದಿನಾಟಕದ ಬಡವ ಮಾತ್ರ ಯಾಕೆ ಯಾವಾಗಲೂ ಸತ್ಯವಂತ? ಅವನು ಕುಡಿಯುವುದಿಲ್ಲ, ಕದಿಯುವುದಿಲ್ಲ, ಹೆಂಡತಿಗೆ ಬೈಯುವುದಿಲ್ಲ. ಮೇಲಿನವರಿಗೆ ಒಪ್ಪಿಗೆಯಾಗುವ ಬಡವನನ್ನು ನಾವೇ ತಯಾರು ಮಾಡಿಕೊಡುತ್ತಿದ್ದೇವೆ. ನನ್ನ ಹಾಡೂ ಅದೇ ಕಾರಖಾನೆಯದು. ಪದವಿ ಪಡೆದ ನನಗೆ, ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನನಗೆ, ಎಲ್ಲರೂ ಒಪ್ಪುವಂತೆ ಬರೆಯುವ ಚಾಳಿ ಯಾವಾಗ ಹತ್ತಿತೋ ತಿಳಿಯದು. ನನ್ನ ಚೀಲವನ್ನೂ ಒಂದು ದಿನ ಬಿಚ್ಚಿಸಿದ್ದರು. ಅದನ್ನು ಆ ಅಂಗಳದಲ್ಲಿ ನಾನು ಹೇಳಲೇ ಇಲ್ಲ. ಮಕ್ಕಳು ಹೇಳಿದರು.

ಹಳ್ಳಿಯ ಮಾಸ್ತರರಲ್ಲಿ, ಗೆಳೆಯರಲ್ಲಿ ನನ್ನ ವಿನಂತಿ. ಮಕ್ಕಳು ಕೂಡಿ ನಾಟಕ ಕಟ್ಟುತ್ತಿದ್ದರೆ ಹೋಗಿ ಕೂಡ್ರಿ. ಜಮಖಾನೆ ಹಾಸ್ರಿ, ಚಹಾ ತರಿಸ್ರಿ, ಮಾತು ಕೇಳಿಸದಿದ್ದರೆ ಜೋರಾಗಿ ಹೇಳು ಅನ್ರಿ. ಅಧಿಕಾರಿ ಬರ್ತಾರ ಅಂತ ಹೆದರಿಕೆಯಾದರೆ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕ್ರಿ. ಕೊನೆಯ ದೃಶ್ಯಕ್ಕೆ ಮಾತ್ರ ಕೈ ಹಚ್ಚಬ್ಯಾಡ್ರಿ. ಗಡಿಯಾರ ಸಿಗಬೇಕೋ ಬ್ಯಾಡೋ ಅನ್ನೂದು ಚೀಲ ಬಿಚ್ಚಿಸಿಕೊಂಡವರಿಗೆ ಗೊತ್ತೈತಿ.