ಮೊದಲು ಲಾಗ್ ಓದಿ, ಆಮೇಲೆ ರೀಸ್ಟಾರ್ಟ್

ರಾತ್ರಿ ಪಾಳಿಯಲ್ಲಿ ಬ್ಯಾಚ್ ಜಾಬ್ ಅರ್ಧಕ್ಕೇ ಬಿದ್ದರೆ ‘ಮೊದಲು ರೀಸ್ಟಾರ್ಟ್ ಮಾಡು, ಕಾರಣ ಬೆಳಿಗ್ಗೆ ನೋಡೋಣ.’ ಮೇನ್‌ಫ್ರೇಮ್ ಸಪೋರ್ಟ್ ತಂಡಗಳಲ್ಲಿ ಬೇರೂರಿರುವ ಪದ್ಧತಿ ಇದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬೆಂಗಳೂರಿಗೆ ಹೋಗಿ ಈ ಕೆಲಸ ಹಿಡಿಯುವ ನಮ್ಮ ಮಕ್ಕಳೂ ಇದನ್ನೇ ಕಲಿಯುತ್ತಾರೆ. ಬೆಳಗಾಗುವುದರೊಳಗೆ ಬ್ಯಾಂಕಿನ ಲೆಕ್ಕ ಮುಗಿಯಬೇಕೆಂಬ ಒತ್ತಡ ನಿಜ. ಆದರೂ ಈ ಪದ್ಧತಿ ತಪ್ಪು.

ಎಲ್ಲರ ಬಾಯಲ್ಲೂ ‘ಸಾಕ್ ಸೆವೆನ್’ ಆಗಿರುವ ಎಸ್0ಸಿ7 ಎಂಬ ದೋಷಸಂಕೇತವನ್ನೇ ನೋಡಿ. ಅಂಕಿ ಇರಬೇಕಾದಲ್ಲಿ ಅಂಕಿಯಲ್ಲದ್ದು ಬಂದರೆ ಪ್ರೊಸೆಸರ್ ಲೆಕ್ಕ ಮಾಡಲು ಒಪ್ಪುವುದಿಲ್ಲ. ಬಿದ್ದ ಕ್ಷಣದ ಮೆಮೊರಿ ಚಿತ್ರವಾದ ಡಂಪ್ ತೆರೆದರೆ, ಕೊನೆಗೆ ಸಿ ಅಥವಾ ಡಿ ಚಿಹ್ನೆ ಇರಬೇಕಿದ್ದ ಪ್ಯಾಕ್ಡ್ ಡೆಸಿಮಲ್ ಫೀಲ್ಡಿನಲ್ಲಿ ಎಷ್ಟೋ ಸಲ 40 40 40 ಎಂದು ಕಾಣುತ್ತದೆ. ಮೇನ್‌ಫ್ರೇಮಿನ ಅಕ್ಷರಸಂಕೇತವಾದ ಎಬ್ಸಿಡಿಕ್‌ನಲ್ಲಿ 40 ಅಂದರೆ ಬರೀ ಸ್ಪೇಸ್. ಹಿಂದಿನ ಯಾವುದೋ ಜಾಬ್ ಮೊತ್ತ ತುಂಬದೆ ರೆಕಾರ್ಡ್ ಕಳಿಸಿದೆ, ಇಲ್ಲವೇ ಫೈಲಿನ ಲೇಔಟ್ ಬದಲಾಗಿದೆ. ಅದೇ ಫೈಲ್ ಕೊಟ್ಟು ಎಷ್ಟು ಸಲ ಓಡಿಸಿದರೂ ಜಾಬ್ ಅದೇ ರೆಕಾರ್ಡಿಗೆ ಬೀಳುತ್ತದೆ. ಕೊನೆಗೆ ಬೇಸತ್ತು ಆ ರೆಕಾರ್ಡನ್ನೇ ತೆಗೆದು ಓಡಿಸುತ್ತಾರೆ. ಆ ರೆಕಾರ್ಡ್ ಯಾರದೋ ಸಾಲದ ಖಾತೆ, ಯಾರದೋ ಪಿಂಚಣಿ!

ಎಸ್322 ಬಂದಾಗಿನ ಚಿಕಿತ್ಸೆ ಇನ್ನೂ ಕೆಟ್ಟದ್ದು. ಜಾಬ್ ತನಗೆ ಕೊಟ್ಟ ಸಿಪಿಯು ಸಮಯ ಮೀರಿತು ಎಂದು ವ್ಯವಸ್ಥೆ ಅದನ್ನು ನಿಲ್ಲಿಸಿದರೆ, ಜಾಬ್ ಓಡಿಸುವ ಆದೇಶಗಳಿರುವ ಜೆಸಿಎಲ್‌ನಲ್ಲಿ ಟೈಮ್=1440 ಬರೆದು ಮಿತಿಯನ್ನೇ ಕಿತ್ತುಹಾಕುತ್ತಾರೆ. ಒಳಗೆ ಲೂಪ್ ಇದ್ದರೆ ಅದು ತಿರುಗುತ್ತಲೇ ಇರುತ್ತದೆ.  ಇದರ ಫಲವೇನೆಂದು ಹುಕ್ಕೇರಿ ಸೀಮೆಯ ಪಂಪ್‌ಸೆಟ್ ರೈತರನ್ನು ಕೇಳಿ: ಫ್ಯೂಜ್ ಹೋಯಿತೆಂದು ದಪ್ಪ ತಂತಿ ಸುತ್ತಿದರೆ ಮುಂದೆ ಸುಡುವುದು ಮೋಟಾರು.

ಕೆಲವೊಮ್ಮೆ ರೀಸ್ಟಾರ್ಟೇ ಸರಿಯಾದ ಮದ್ದು, ಒಪ್ಪುತ್ತೇನೆ. ಎಸ್222 ಅಂದರೆ ಆಪರೇಟರ್ ತಾನೇ ಕ್ಯಾನ್ಸಲ್ ಮಾಡಿದ್ದು. ಅಲ್ಲಿ ಕೋಡಿನ ದೋಷ ಹುಡುಕುವುದಕ್ಕಿಂತ ಆತನನ್ನು ಕೇಳುವುದು ಮೇಲು. ಡಿಬಿ2 ಡೇಟಾಬೇಸಿನ ಡೆಡ್‌ಲಾಕಿನ ಮೈನಸ್ 911 ಕೂಡ ಸಾಮಾನ್ಯವಾಗಿ ಎರಡನೇ ಸಲಕ್ಕೆ ದಾಟಿಹೋಗುತ್ತದೆ. ಆದರೆ ಅದು ಮೈನಸ್ 911 ಎಂದು ಗೊತ್ತಾಗಬೇಕಾದರೂ ಲಾಗ್ ಓದಲೇಬೇಕಲ್ಲ?

ಇನ್ನು ಅರ್ಧ ಖಾತೆಗಳಿಗೆ ಬಡ್ಡಿ ಹಾಕಿ ಕಮಿಟ್ ಆದ ಮೇಲೆ ಬಿದ್ದ ಜಾಬನ್ನು ಮೊದಲಿನಿಂದ ಓಡಿಸಿದರೆ? ಎಲ್ಲಿಯವರೆಗೆ ಮುಗಿದಿದೆ ಎಂದು ಗುರುತಿಡುವ ಚೆಕ್‌ಪಾಯಿಂಟ್ ಪ್ರೋಗ್ರಾಮಿನಲ್ಲಿ ಇಲ್ಲದಿದ್ದರೆ ಆ ಖಾತೆಗಳಿಗೆ ಎರಡೆರಡು ಸಲ ಬಡ್ಡಿ ಬೀಳುತ್ತದೆ. ಇದಕ್ಕಿಂತ ಜಾಬ್ ಒಂದು ಗಂಟೆ ತಡವಾಗುವುದೇ ವಾಸಿ.

ಲಾಗ್‌ನಲ್ಲಿ ಐಇಎಫ್450ಐ ಸಾಲು ಸಿಕ್ಕ ಕೂಡಲೇ ನಿಲ್ಲಬಾರದು. ಅದು ಜಾಬ್ ಬಿದ್ದ ಸುದ್ದಿಯಷ್ಟೇ. ಬಿದ್ದ ಕಾರಣ ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ಸಾಲುಗಳಲ್ಲಿರುತ್ತದೆ. ಬಿದ್ದ ಜಾಬಿನ ಲಾಗ್ ಇರುವ ಸ್ಪೂಲ್ ಅಳಿಸಿ ಕೈತೊಳೆದುಕೊಂಡರೆ ಆ ಸಾಕ್ಷಿಯೂ ಹೋಯಿತು.

ತಂಡ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಎಷ್ಟು ನಿಮಿಷದಲ್ಲಿ ಜಾಬ್ ಎಬ್ಬಿಸಿದಿರಿ ಎಂದು ಹುಡುಗರನ್ನು ಕೇಳಬೇಡಿ. ಅದೇ ಜಾಬ್ ಅದೇ ಕಾರಣಕ್ಕೆ ಈ ತಿಂಗಳು ಎಷ್ಟನೇ ಸಲ ಬಿತ್ತು ಎಂದು ಕೇಳಿ.