ಜರಡಿಯಾಡುವ ಮೀನಿನ ಹಸಿವು

ಹವಳದ ಅಕ್ವೇರಿಯಂ ಹೊಸದಾಗಿ ಕಟ್ಟಿದ ಕೆಲವು ವಾರಗಳಿಗೆ ಬಿಳಿ ಮರಳಿನ ಮೇಲೆ ಕಂದು ಪೊರೆ ಕೂರುತ್ತದೆ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಿಂದ ಬರ್ಕ್ಲಿಯವರೆಗೆ ಈ ಹವ್ಯಾಸಕ್ಕೆ ಬಿದ್ದವರ ಕಿವಿಗೆ ಆಗ ಬೀಳುವ ಸಲಹೆ ಒಂದೇ: ಡೈಮಂಡ್ ಗೋಬಿ ತಂದು ಬಿಡಿ, ಮರಳು ಬೆಳ್ಳಗಾಗುತ್ತದೆ. ಸಲಹೆ ಸುಳ್ಳಲ್ಲ. ಮೀನು ಬಂದ ಕೆಲವೇ ದಿನಗಳಲ್ಲಿ ಮರಳು ನಿಜಕ್ಕೂ ಹೊಳೆಯುತ್ತದೆ. ಆದರೂ ಒಂದು ಜೀವವನ್ನು ಕಸ ಗುಡಿಸುವ ಆಳೆಂದು ಕೊಂಡು ತರುವ ಈ ರೂಢಿ ಮೂಲದಲ್ಲೇ ತಪ್ಪಿದೆ.

ವೈಜ್ಞಾನಿಕವಾಗಿ ಇದು ವ್ಯಾಲೆನ್ಸಿಯೆನಿಯ ಪ್ಯುಯೆಲ್ಲಾರಿಸ್. ಕೆಂಪು ಸಮುದ್ರದಿಂದ ಸಮೋವಾದವರೆಗೆ ಹವಳದ ದಿಬ್ಬಗಳ ಬದಿಯ ಮರಳಿನಲ್ಲಿ, ಬಹುಮಟ್ಟಿಗೆ ಜೋಡಿಯಾಗಿ, ಬಿಲ ತೋಡಿಕೊಂಡು ಬದುಕುತ್ತದೆ. ಪೂರ್ತಿ ಬೆಳೆದರೆ ಸುಮಾರು 20 ಸೆಂಟಿಮೀಟರ್. ಬಾಯ್ತುಂಬ ಮರಳು ಮೊಗೆದು, ಕಿವಿರುಗಳ ಒಳಗಿನ ಹಲ್ಲಿನಂಥ ರಚನೆಗಳಲ್ಲಿ ಸೋಸಿ, ಉಳಿದದ್ದನ್ನು ಕಿವಿರಿನ ಕಂಡಿಯಿಂದ ಸುರಿಸುತ್ತದೆ. ಸೋಸಿ ಹಿಡಿಯುವುದು ಪಾಚಿಯನ್ನಲ್ಲ; ಮರಳಿನಲ್ಲಿ ಅಡಗಿರುವ ಕೋಪೆಪಾಡ್, ಆಂಫಿಪಾಡ್‌ಗಳಂಥ ಸಣ್ಣ ಕಠಿಣಚರ್ಮಿಗಳನ್ನು, ಹುಳುಗಳನ್ನು. ಮರಳು ಬೆಳ್ಳಗೆ ಕಾಣುವುದು ಅದು ಮಗುಚಿ ಬಿದ್ದದ್ದರಿಂದ. ಸ್ವಚ್ಛತೆ ಈ ಬೇಟೆಯ ಉಪಫಲ ಮಾತ್ರ.

ಕಷ್ಟ ಶುರುವಾಗುವುದು ಇಲ್ಲೇ. ಹೊಸ ತೊಟ್ಟಿಯ ಮರಳಿನಲ್ಲಿ ಬೇಟೆಗೆ ಏನೂ ಇರುವುದಿಲ್ಲ. ಕಂದು ಪೊರೆಯಾದರೋ ಹೆಚ್ಚಾಗಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನ ಸಿಲಿಕೇಟ್ ತೀರಿದಂತೆ ಎಷ್ಟೋ ಸಲ ತಾನಾಗಿಯೇ ಕರಗಿ ಹೋಗುವಂಥದ್ದು. ಅಂದರೆ ಮೀನಿನ ಅಗತ್ಯವೇ ಇಲ್ಲದ, ಮೀನಿಗೆ ಆಹಾರವೇ ಇಲ್ಲದ ಹೊತ್ತಿನಲ್ಲೇ ಜನ ಅದನ್ನು ತರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ನಲ್ಲಿ ನೀರಿಗೆ 2004ರಿಂದ ಕ್ಲೋರಿನ್ ಬದಲು ಕ್ಲೋರಮೈನ್ ಬೆರೆಸುತ್ತಾರೆ. ಅದನ್ನು ತೆಗೆಯಲು ಇಲ್ಲಿನ ಹವ್ಯಾಸಿಗಳು ಇಂಗಾಲದ ಫಿಲ್ಟರ್, ಆರ್‌ಓ ಯಂತ್ರ ಹಾಕಿ ಹನಿಹನಿಯನ್ನೂ ಶೋಧಿಸುತ್ತಾರೆ. ನೀರಿನ ಮೇಲಿನ ಆ ಕಾಳಜಿ ಮೀನಿನ ಹೊಟ್ಟೆಯವರೆಗೆ ಇಳಿಯದಿರುವುದು ದುಃಖದ ಸಂಗತಿ.

ಹಳೆಯ ತೊಟ್ಟಿಯೂ ಸಾಲದಾಗಬಹುದು. ಮನೆಗಳಲ್ಲಿ ಸಾಮಾನ್ಯವಾದ 75 ಗ್ಯಾಲನ್, ಎಂದರೆ ಸುಮಾರು 280 ಲೀಟರ್ ತೊಟ್ಟಿಯ ಮರಳನ್ನು ಒಂದು ಗೋಬಿ ಎಡೆಬಿಡದೆ ಶೋಧಿಸಿ ಬರಿದು ಮಾಡಬಲ್ಲದು. ಆಮೇಲೂ ಅದರ ಜರಡಿಯಾಟ ನಿಲ್ಲುವುದಿಲ್ಲ. ನೋಡುವವರಿಗೆ ಅದು ದುಡಿಯುತ್ತಿರುವಂತೆ ಕಾಣುತ್ತದೆ, ಹೊಟ್ಟೆ ಮಾತ್ರ ದಿನೇ ದಿನೇ ಒಳಗೆ ಸೇರುತ್ತದೆ. ಗೋಲ್ಡನ್ ಗೇಟ್ ಪಾರ್ಕಿನ ಸ್ಟೈನ್‌ಹಾರ್ಟ್ ಅಕ್ವೇರಿಯಂನಲ್ಲಿ 2008ರಲ್ಲಿ ತೆರೆದ ಫಿಲಿಪೈನ್ ಹವಳ ದಿಬ್ಬದ ತೊಟ್ಟಿ 2,12,000 ಗ್ಯಾಲನ್ನಿನದು, 25 ಅಡಿ ಆಳದ್ದು. ಅಷ್ಟು ದೊಡ್ಡ ತೊಟ್ಟಿಯ ಮೀನುಗಳಿಗೂ ಸಿಬ್ಬಂದಿ ಕೈಯಾರೆ ಆಹಾರ ಹಾಕುತ್ತಾರೆ, ಮುಳುಗುಗಾರರು ಇಳಿದು ಶುಚಿಗೊಳಿಸುತ್ತಾರೆ. ಮನೆಯ ಗಾಜಿನ ಪೆಟ್ಟಿಗೆ ತನ್ನಷ್ಟಕ್ಕೆ ಮೀನನ್ನು ಸಾಕುತ್ತದೆಂದು ನಂಬಲು ಕಾರಣವೇ ಇಲ್ಲ.

ಇನ್ನೂ ಒಂದು ತೊಡಕು, ಬಿಲ. ಮರಳಿನ ಮೇಲೆ ಬಂಡೆ ಪೇರಿಸಿದ್ದರೆ ಗೋಬಿ ಅದರ ಬುಡವನ್ನೇ ತೋಡುತ್ತದೆ. 1989ರ ಲೋಮಾ ಪ್ರಿಯೆಟಾ ಭೂಕಂಪವನ್ನು ಕಂಡ ಈ ನಾಡಿನಲ್ಲಿ ಬಂಡೆಗಳನ್ನು ತೊಟ್ಟಿಯ ತಳಕ್ಕೇ ಊರಿಸಿ ಅಂಟಿಸುವುದು ಹೇಗೂ ಲೇಸು. ತಗ್ಗಿನಲ್ಲಿಟ್ಟ ಹವಳಗಳ ಮೇಲೆ ಮರಳು ಸುರಿಯುವುದಂತೂ ತಪ್ಪದು. ಇದೇ ಕುಲದ ಹಳದಿ ತಲೆಯ ಸ್ಟ್ರಿಗಾಟಾ ಇನ್ನೂ ಎತ್ತರಕ್ಕೆ ಈಜಿ ಮರಳು ಉದುರಿಸುತ್ತದೆ. ಹವಳವೇ ಮುಖ್ಯವೆನ್ನುವವರಿಗೆ ಅದು ತಕ್ಕುದಲ್ಲ. ಎರಡೂ ತೊಟ್ಟಿಯಿಂದ ಹೊರಕ್ಕೆ ಜಿಗಿಯುವ ಮೀನುಗಳು, ಬಲೆಯ ಮುಚ್ಚಳ ಬೇಕೇ ಬೇಕು.

ಹಾಗೆಂದು ಈ ಮೀನನ್ನು ಸಾಕಲೇಬಾರದೆಂದಲ್ಲ. ಬೆಳ್ಳನೆಯ ಮೈಮೇಲೆ ಕಿತ್ತಳೆ ಚುಕ್ಕೆ ಹೊತ್ತು ಜೊತೆಗಾರನೊಡನೆ ಬಿಲ ಕಾಯುವ ಗೋಬಿಯಷ್ಟು ಚೆಂದದ ನೋಟ ರೀಫ್ ತೊಟ್ಟಿಯಲ್ಲಿ ಕಡಿಮೆ. ವರ್ಷ ದಾಟಿದ ದೊಡ್ಡ ತೊಟ್ಟಿ, ನುಣ್ಣನೆಯ ಮರಳಿನ ದಪ್ಪ ಹಾಸು, ದಿನಕ್ಕೆ ಎರಡು ಮೂರು ಸಲ ತಳಕ್ಕೆ ಮುಟ್ಟುವಂತೆ ಮೈಸಿಸ್ ಸೀಗಡಿ ಹಾಕುವ ತಾಳ್ಮೆ, ಇವಿದ್ದವರು ಧಾರಾಳವಾಗಿ ತರಲಿ. ಬರೀ ಮರಳು ಬೆಳ್ಳಗಾಗಬೇಕೆನ್ನುವವರಿಗೆ ನಸ್ಸೇರಿಯಸ್ ಬಸವನಹುಳುಗಳೂ ವಾರಕ್ಕೊಮ್ಮೆ ಸೈಫನ್ ಕೊಳವೆಯೂ ಸಾಕು. ಕೊಳ್ಳುವವರು ಅಂಗಡಿಯಲ್ಲೇ ಮೀನು ತಿನ್ನುವುದನ್ನು ತೋರಿಸಲು ಕೇಳಬೇಕು. ಮೈಸಿಸ್ ಹಾಕಿದಾಗ ಅದನ್ನು ಮುಟ್ಟದೆ ಮರಳನ್ನಷ್ಟೇ ಅಗಿಯುವ, ಹೊಟ್ಟೆ ಒಳಸರಿದ ಮೀನನ್ನು ಮನೆಗೆ ತರಬಾರದು.