ಮೂಲರೂಪದ ಮೋಹ

ಮನುಷ್ಯನಿಗೆ ಅರವತ್ತಾದರೆ ಶಾಂತಿ ಮಾಡಿಸುತ್ತಾರೆ. ಕಾರಿಗೆ ಐವತ್ತು ತುಂಬಿದರೆ ಸಾಕು, ಸನ್ಮಾನ. ಕೇಂದ್ರ ಸರಕಾರ 2021ರಲ್ಲಿ ಮಾಡಿದ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ ವಾಹನ ‘ವಿಂಟೇಜ್’ ಎಂಬ ಬಿರುದಿಗೆ ಅರ್ಹವಾಗುತ್ತದೆ. ಅದಕ್ಕೆ ‘ವಿಎ’ ಅಕ್ಷರಗಳುಳ್ಳ ಬೇರೆಯದೇ ನಂಬರ್ ಪ್ಲೇಟು. ಎಪ್ಪತ್ತರ ದಶಕದ ಆರಂಭದಲ್ಲಿ ರಸ್ತೆಗಿಳಿದ ಐರೋಪ್ಯ ಕಾರುಗಳು ಈಗ ಒಂದೊಂದಾಗಿ ಈ ಪಂಕ್ತಿಗೆ ಬಂದು ಕೂರುತ್ತಿವೆ. ಅವುಗಳನ್ನು ನೋಡಲೆಂದೇ ಭಾನುವಾರದ ನಿದ್ದೆ ಬಿಟ್ಟು ಹಳೆಯ ಕಾರುಗಳ ಮೆರವಣಿಗೆಗೆ ಹೋಗುವವರು ನಮ್ಮ ಕನ್ನಡ ಕುಟುಂಬಗಳಲ್ಲೂ ಇದ್ದಾರೆ.

ಅಭಿಮಾನಕ್ಕೆ ಕಾರಣವಿಲ್ಲದಿಲ್ಲ. 1970ರಲ್ಲಿ ಬಂದ ಸಿತ್ರೋಯೆನ್ ಎಸ್‌ಎಂ ಕಾರನ್ನೇ ನೋಡಿ. ಫ್ರಾನ್ಸಿನ ಮೈ, ಒಳಗೆ ಇಟಲಿಯ ಮಸೆರಾಟಿಯ ಆರು ಸಿಲಿಂಡರಿನ ಎಂಜಿನ್. ಸ್ಪ್ರಿಂಗುಗಳ ಬದಲು ಎಣ್ಣೆ ಮತ್ತು ಅನಿಲದ ಒತ್ತಡದ ಮೇಲೆ ನಿಲ್ಲುವ ಗಾಡಿ ಅದು. ಚಾಲೂ ಮಾಡಿದರೆ ಕುಳಿತ ಒಂಟೆ ಏಳುವಂತೆ ಮೆಲ್ಲಗೆ ಮೇಲೇಳುತ್ತದೆ. ಮರುವರ್ಷ ಜಿನೀವಾದ ಪ್ರದರ್ಶನದಲ್ಲಿ ಲಂಬೋರ್ಗಿನಿ ಕೌಂಟಾಶ್‌ನ ಮೊದಲ ಮಾದರಿ ಕಾಣಿಸಿಕೊಂಡಿತು. ಬೆರ್ಟೋನೆ ಸಂಸ್ಥೆಯ ಮಾರ್ಚೆಲ್ಲೊ ಗಾಂದೀನಿ ಬರೆದ ಆ ರೂಪ, ಮರ ಸೀಳುವ ಬೆಣೆಯೊಂದಕ್ಕೆ ಚಕ್ರ ಕಟ್ಟಿದಂತಿದೆ. ಎತ್ತರ ಮನುಷ್ಯನ ಸೊಂಟದಷ್ಟು. ಹಿಂದಿನದೇನೂ ಸರಿಯಾಗಿ ಕಾಣದ್ದರಿಂದ ರಿವರ್ಸ್ ತೆಗೆಯುವಾಗ ಬಾಗಿಲನ್ನು ಮೇಲಕ್ಕೆತ್ತಿ, ಅಂಚಿನ ಮೇಲೆ ಕುಳಿತು, ಕತ್ತು ಹೊರಚಾಚಿ ನೋಡಬೇಕು. ಚೆಲುವಿಗಾಗಿ ಇಷ್ಟು ಕಷ್ಟ ಸಹಿಸುವುದು ರಸಿಕತೆಯೇ ಸರಿ. ಠಾಣೆಯ ತೀನ್ ಹಾತ್ ನಾಕಾದಲ್ಲಿ ಅದನ್ನು ಪ್ರಯೋಗಿಸಿ ನೋಡಬಾರದು, ಅಷ್ಟೆ.

ಆದರೆ ಈ ಅಭಿಮಾನಿಗಳ ಬಾಯಲ್ಲಿ ಪದೇಪದೇ ಬರುವ ಒಂದು ಮಾತನ್ನು ಒಪ್ಪಲಾಗದು: ‘ಆ ಕಾಲದವು ಗಟ್ಟಿಮುಟ್ಟು, ಈಗಿನವೆಲ್ಲ ತಗಡು.’ ನೇಪಲ್ಸ್ ಬಳಿಯ ಹೊಸ ಕಾರ್ಖಾನೆಯಲ್ಲಿ ತಯಾರಾಗಿ 1971ರಲ್ಲಿ ಹೊರಬಂದ ಆಲ್ಫಾಸೂದ್, ಜಾರ್ಜೆತ್ತೊ ಜುಜಾರೊ ರೂಪಿಸಿದ, ಓಡಿಸಲು ಬಲು ಸೊಗಸಾದ ಕಾರು. ಅದು ಹೆಸರಾದದ್ದು ಓಟಕ್ಕೆ ಎಷ್ಟೋ, ತುಕ್ಕಿಗೂ ಅಷ್ಟೇ. ಕೆಲವೇ ವರ್ಷಗಳಲ್ಲಿ ಮೈಯೆಲ್ಲ ತೂತು. ಎಸ್‌ಎಂ ಕೂಡ 1975ಕ್ಕೆ ನಿಂತುಹೋಯಿತು. ಒಟ್ಟು ತಯಾರಾದದ್ದು ಹದಿಮೂರು ಸಾವಿರದಷ್ಟೂ ಅಲ್ಲ. ಉಳಿದಿರುವುದನ್ನಷ್ಟೇ ನೋಡಿ ಎಲ್ಲವೂ ಉಳಿಯುವಂತಿತ್ತು ಎನ್ನುವುದು ಶತಾಯುಷಿಯೊಬ್ಬರನ್ನು ಕಂಡು ಹಳೆಯ ಕಾಲದಲ್ಲಿ ಯಾರೂ ಸಾಯುತ್ತಿರಲಿಲ್ಲ ಎಂದ ಹಾಗೆ.

ಆ ವರ್ಷಗಳಲ್ಲಿ ನಮ್ಮ ದೇಶದ ರಸ್ತೆಯಲ್ಲಿದ್ದ ಐರೋಪ್ಯ ಕಾರು ಯಾವುದು? ಕಲಕತ್ತೆಯ ಅಂಬಾಸಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮದರಾಸಿನ ಸ್ಟ್ಯಾಂಡರ್ಡ್, ಇಂಗ್ಲೆಂಡಿನದೇ ಟ್ರಯಂಫ್ ಹೆರಾಲ್ಡ್. ಮುಂಬಯಿಯ ಪ್ರೀಮಿಯರ್, ಇಟಲಿಯ ಫಿಯಾಟ್ 1100. ಮೂರರ ಮೂಲವೂ ಐವತ್ತರ ದಶಕದ್ದು. ಇಟಲಿಯಲ್ಲಿ 1962ರಲ್ಲಿ ಬಂದ 1100 ಡಿ ನಮ್ಮಲ್ಲಿ 1964ರಿಂದ ಕುರ್ಲಾದಲ್ಲಿ ತಯಾರಾಯಿತು. 1972ರಲ್ಲಿ ಅದಕ್ಕೆ ‘ಪ್ರೀಮಿಯರ್ ಪ್ರೆಸಿಡೆಂಟ್’ ಎಂದೂ 1974ರಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂದೂ ನಾಮಕರಣವಾಯಿತು. ಅಷ್ಟರಲ್ಲಿ ಇಟಲಿಯವರು ಆ ಕಾರನ್ನು ಮರೆತು, ಮುಂದಿನ ಚಕ್ರಗಳೇ ಎಳೆಯುವ ಫಿಯಾಟ್ 128ಕ್ಕೆ 1970ರ ‘ಯುರೋಪಿನ ವರ್ಷದ ಕಾರು’ ಎಂಬ ಪ್ರಶಸ್ತಿಯನ್ನೂ ಪಡೆದಾಗಿತ್ತು. ಅಲ್ಲಿ ಅಜ್ಜಿಯಾದವಳಿಗೆ ಇಲ್ಲಿ ಪದ್ಮಿನಿ ಎಂಬ ಹೆಸರು!

ಹಾಗೆಂದು ಅವಳು ಕುರೂಪಿಯಲ್ಲ. ತೆಳುವಾದ ಕಂಬಗಳ ನಡುವೆ ದೊಡ್ಡ ಗಾಜುಗಳು, ಸುತ್ತ ನಾಲ್ಕೂ ಕಡೆ ಕಾಣುವ ನೋಟ, ಹಿಂಬದಿಯಲ್ಲಿ ಹಮ್ಮಿಲ್ಲದ ಎರಡು ಪುಟ್ಟ ರೆಕ್ಕೆ. ಗೇರು ಸ್ಟಿಯರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಸೀಟು ಉದ್ದ ಬೆಂಚು. ಮೊಣಕಾಲು ಮಡಚಿ ಮುದುಡಬೇಕಿಲ್ಲ. ಸೀರೆಯುಟ್ಟ ಅಜ್ಜಿಯೂ ಸಲೀಸಾಗಿ ಹತ್ತಿ ಇಳಿಯಬಹುದು. ದೋಷಗಳೂ ಇದ್ದವು. ಗೇರಿನ ಕಡ್ಡಿ ಸವೆದರೆ ಎರಡನೆಯದನ್ನು ಹುಡುಕುವುದು ಒಂದು ವ್ರತ. ಮಳೆಗಾಲ ಕಳೆದರೆ ಬಾಗಿಲ ಕೆಳಗೆ ತುಕ್ಕು. 1089 ಸಿಸಿಯ ಎಂಜಿನ್ನಿನಲ್ಲಿ ಬಿರುಸೇನೂ ಇರಲಿಲ್ಲ. ಆದರೆ ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗಕ್ಕೂ ಕೈ ಎಟುಕುತ್ತಿತ್ತು, ಪಾನೆ ಕೂರುತ್ತಿತ್ತು. ನನ್ನ ಮಟ್ಟಿಗೆ ಆ ಕಾರಿನ ನಿಜವಾದ ಸೌಂದರ್ಯ ಇದು. ಪ್ರದರ್ಶನಗಳಲ್ಲಿ ಮೈಬಣ್ಣ ಸವರಿ ನೋಡುವ ಕಣ್ಣಿಗೆ ಇದು ಕಾಣುವುದಿಲ್ಲ.

ಇಲ್ಲಿ ನಮ್ಮ ವಾಗ್ಳೆ ಎಸ್ಟೇಟಿನ ಮಾತು ಬರುತ್ತದೆ. ಪ್ರೀಮಿಯರ್ ಕಾರ್ಖಾನೆ ಇದ್ದ ಕುರ್ಲಾದ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗವೇ ಮುಲುಂಡ್ ದಾಟಿ ವಾಗ್ಳೆ ಎಸ್ಟೇಟಿನ ಬಳಿಗೆ ಬರುತ್ತದೆ. (ಪ್ರಧಾನಿಯಾಗಿದ್ದಾಗ ಬ್ಯಾಂಕಿನಿಂದ 5,000 ರೂ. ಸಾಲವೆತ್ತಿ ಫಿಯಾಟ್ ಕೊಂಡವರು ಶಾಸ್ತ್ರೀಜಿ. ಅವರ ನಿಧನದ ನಂತರ ಆ ಸಾಲ ತೀರಿಸಿದವರು ಪತ್ನಿ ಲಲಿತಾದೇವಿ. ರಸ್ತೆಗೆ ಆ ಹೆಸರು ಒಪ್ಪಿದೆ.) 1962ರಲ್ಲಿ ಎಂಐಡಿಸಿ ಸ್ಥಾಪನೆಯಾದಾಗ ಅದರ ಮೊದಮೊದಲ ವಸಾಹತುಗಳಲ್ಲಿ ಒಂದು ವಾಗ್ಳೆ ಎಸ್ಟೇಟ್. ಹೆಸರಿಗಿಂತ ರೋಡ್ ನಂಬರಿನಿಂದಲೇ ಗುರುತು ಹೇಳುವ ಆ ಬೀದಿಗಳ ಶೆಡ್ಡುಗಳಲ್ಲಿ ಲೇತು, ಪ್ರೆಸ್ಸು, ಗ್ರೈಂಡರುಗಳು ಮೂರು ಪಾಳಿಯಲ್ಲಿ ತಿರುಗುತ್ತಿದ್ದವು. ಊರಿನ ಮಳೆ ಕೈಕೊಟ್ಟಾಗ, ಜಮೀನು ಪಾಲಾದಾಗ ಇತ್ತ ಬಂದ ನಮ್ಮವರೂ ಅಲ್ಲಿ ಟರ್ನರ್, ಫಿಟ್ಟರ್, ಹೆಲ್ಪರ್ ಆದರು. ಬುಷ್, ಪಿನ್ನು, ವಾಲ್ವ್ ಗೈಡ್ ಇಂಥ ಚಿಲ್ಲರೆ ಭಾಗಗಳನ್ನು ಕೂದಲೆಳೆಯ ಅಳತೆಗೆ ಕಡೆಯುವುದು ಸಣ್ಣ ವಿದ್ಯೆಯಲ್ಲ. ಕಾರಿನ ರೂಪ ಬರೆದವನ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಹತ್ತು ವರ್ಷಕ್ಕೆ ಮುಗಿಯಬೇಕಿದ್ದ ಅದರ ಆಯುಷ್ಯವನ್ನು ಮೂವತ್ತಕ್ಕೆ ಎಳೆದ ಕೈಗಳ ಹೆಸರು ಸಂಬಳದ ರಿಜಿಸ್ಟರಿನಲ್ಲಿತ್ತು. ಶೆಡ್ಡು ಮುಚ್ಚಿದಾಗ ಅದೂ ರದ್ದಿಗೆ ಹೋಯಿತು. ಇಂದು ಅಂಥ ಅನೇಕ ಶೆಡ್ಡುಗಳ ಜಾಗದಲ್ಲಿ ಗಾಜಿನ ಮೈಯ ಐಟಿ ಕಟ್ಟಡಗಳಿವೆ.

ಇನ್ನು ಆ ನಿಯಮವನ್ನು ಮತ್ತೊಮ್ಮೆ ಓದೋಣ. ಐವತ್ತು ವರ್ಷವಾದರೆ ಸಾಲದು. ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮಾರ್ಪಾಡು ಆಗಿರಬಾರದು. ಬಾಡಿಗೆಗಾಗಲಿ ದಿನನಿತ್ಯಕ್ಕಾಗಲಿ ಓಡಿಸುವಂತಿಲ್ಲ. ಕೇಳಲು ನ್ಯಾಯವಾಗಿಯೇ ಇದೆ, ಇಲ್ಲದಿದ್ದರೆ ಗುಜರಿಯೆಲ್ಲ ಬಿರುದು ಕೇಳೀತು. ಆದರೆ ಇದರಲ್ಲಿ ಗೆಲ್ಲುವವರು ಯಾರು? ಬೀಗ ಹಾಕಿದ ಗ್ಯಾರೇಜಿನಲ್ಲಿ ಹೊದಿಕೆಯಡಿ ಮಲಗಿದ ಕಾರು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿಯನ್ನು ತೆಗೆದುಕೊಳ್ಳಿ. ಪೆಟ್ರೋಲು ಕೈಸುಡತೊಡಗಿದಾಗ ಎಷ್ಟೋ ಗಾಡಿಗಳಿಗೆ ಡೀಸೆಲ್ ಎಂಜಿನ್ ಬಂತು. ಹೊಗೆಯ ವಿಚಾರ ಹೈಕೋರ್ಟಿಗೆ ಹೋದ ಮೇಲೆ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿತು. ನೆಲದ ತಗಡು ಬದಲಾಯಿತು, ಬಾಗಿಲು ಇನ್ನೊಂದು ಗಾಡಿಯದು. ದುಡಿದದ್ದೇ ಅದರ ತಪ್ಪು. ರಿಪೇರಿಯಾದ ವಸ್ತು ಕೆಟ್ಟ ವಸ್ತುವೆಂಬ ಈ ಭಾವ ಶ್ರೀಮಂತರ ಕಪಾಟಿನಿಂದ ಬಂದದ್ದು. ತೇಪೆ ಹಾಕಿದ ಕೌದಿಯನ್ನು ಹೊದ್ದು ಬೆಳೆದ ನಾವು ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕೇ?

ಊರಿಗೆ ಹೋದಾಗ ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹವನ್ನು ನೋಡದೆ ಬರುವ ಮುಂಬಯಿ ಕನ್ನಡಿಗರು ಕಡಿಮೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ವಸ್ತುಸಂಗ್ರಹಾಲಯವೂ ಈಗ ಆಗಿದೆ. ಇಂಥಲ್ಲಿ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳಲು ಕಲಿಸಬಹುದು: ಇದು ಕೆಟ್ಟು ನಿಂತಾಗ ಯಾರು ಸರಿಮಾಡಿದರು?

ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಷ್ಯ ಇಪ್ಪತ್ತು ವರ್ಷಕ್ಕೆ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಆದ್ದರಿಂದ 2023ರ ಅಕ್ಟೋಬರಿಗೆ ಆ ಸಂತತಿ ರಸ್ತೆಯಿಂದ ಮರೆಯಾಯಿತು. ಒಂದನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿಸಿ ಎಂದು ಟ್ಯಾಕ್ಸಿಯವರ ಸಂಘ ಕೇಳಿಕೊಂಡಿತ್ತು. ಉಳಿಸುವುದಾದರೆ ಶೋರೂಮಿನಿಂದ ಇಳಿದಂತೆ ಹೊಳೆಯುವ ಒಂದನ್ನು ಹುಡುಕಿ ತರುವುದು ಬೇಡ. ಮೂರು ಸಲ ಬೋರಿಂಗ್ ಆದ ಎಂಜಿನ್, ತಲೆಯ ಮೇಲೆ ಕ್ಯಾರಿಯರ್, ಡಿಕ್ಕಿಯಲ್ಲಿ ಸಿಲಿಂಡರ್, ಮೀಟರಿನ ಪಕ್ಕ ಗಣಪತಿ ಇರುವ ಒಂದನ್ನು ತನ್ನಿ. ಪಕ್ಕದಲ್ಲಿ ವಾಗ್ಳೆ ಎಸ್ಟೇಟಿನ ಒಂದು ಹಳೆಯ ಲೇತನ್ನೂ ಇಡಿ. ಗುಜರಿಯವರು ಇನ್ನೂ ಎಲ್ಲವನ್ನೂ ಒಯ್ದಿರಲಾರರು.